ಗದ್ದದ ಕೆಳಗಿನ ನೆರಳು

ನನ್ನ ಸೋದರಮಾವನಿಗೆ ಮೊದಲು ನವೆ ಶುರುವಾದದ್ದು ಕತ್ತಿನಲ್ಲಿ. ಕಿಣತ್ತುಕಡವಿನ ಹೊರಗೆ, ಪೊನ್ಮಲೆಯ ವೇಲಾಯುಧಸ್ವಾಮಿ ಗುಡಿ ದೂರಕ್ಕೆ ಕಾಣುವ ಕಡೆ ಅವರ ಹೊಲ. ಅರ್ಧ ತೆಂಗು, ಉಳಿದದ್ದರಲ್ಲಿ ಟೊಮೆಟೊ. ಮನೆಯೊಳಗೆ ಕನ್ನಡ, ಮಾರುಕಟ್ಟೆಯಲ್ಲಿ ತಮಿಳು. ಕೊಯಮತ್ತೂರು ಸೀಮೆಯ ಒಕ್ಕಲಿಗರು, ದೇವಾಂಗದವರು ಹೀಗೆಯೇ ತಲೆಮಾರುಗಳಿಂದ ಬಾಳಿದ್ದಾರೆ. ಆಡಿ ತಿಂಗಳ ಗಾಳಿ ಎದ್ದಾಗ ಕತ್ತು ಕೆರೆಯುವುದು, ಗಾಳಿ ಇಳಿದಾಗ ಕಡಿಮೆಯಾಗುವುದು. ಎರಡು ವರ್ಷ ಕಳೆಯುವಷ್ಟರಲ್ಲಿ ಹಣೆ, ಕಿವಿ, ಕೈಯ ಮೇಲ್ಭಾಗ ಎಲ್ಲ ಕಪ್ಪಾಗಿ, ದಪ್ಪಗಾಗಿ, ಆನೆಯ ಚರ್ಮದ ಹಾಗೆ ಗೆರೆ ಬಿದ್ದಿತ್ತು.

"ಬಿಸಿಲಲ್ಲಿ ಬೇಯೋ ಮೈ ಕಣಪ್ಪ, ಕಪ್ಪಾಗದೆ ಇನ್ನೇನಾಗುತ್ತೆ" ಎನ್ನುತ್ತಿದ್ದರು ಮಾವ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬನ್ನು ಹಚ್ಚುತ್ತಿದ್ದರು. ಹಚ್ಚಿದ ವಾರ ತಣ್ಣಗಾಗುವುದು, ಬಿಟ್ಟ ವಾರ ಇಮ್ಮಡಿಯಾಗುವುದು. ಕೊನೆಗೆ ಅತ್ತೆ ಹಟ ಹಿಡಿದು ಕೊಯಮತ್ತೂರಿನಲ್ಲಿ ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಆ ವೈದ್ಯರು ಕಪ್ಪಾದ ಹಣೆಯನ್ನು ಕ್ಷಣ ಹೊತ್ತು ನೋಡಿದರಷ್ಟೆ. ಆಮೇಲೆ ಮಾವನ ಗದ್ದವನ್ನು ಮೇಲಕ್ಕೆತ್ತಿ ಅದರ ಕೆಳಗೆ ನೋಡಿದರು. ಕಿವಿಯನ್ನು ಮುಂದಕ್ಕೆ ಮಡಚಿ ಹಿಂದೆ ನೋಡಿದರು. ಕಣ್ಣು ಮುಚ್ಚಿಸಿ ರೆಪ್ಪೆ ನೋಡಿದರು, ಮೊಣಕೈಯ ಮಡಿಕೆ ಬಿಡಿಸಿ ನೋಡಿದರು. ಬಿಸಿಲು ಎಂದೂ ಬೀಳದ ಆ ಜಾಗಗಳಲ್ಲೂ ಚರ್ಮ ಕೆಂಪಾಗಿ, ಒರಟಾಗಿತ್ತು. "ಇದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ನಿಮ್ಮ ಹೊಲದ ಬದುವಿನಲ್ಲಿ ಬಿಳಿ ಹೂವಿನ ಗಿಡ ಇದೆಯಾ?" ಎಂದು ಕೇಳಿದರು.

ಇತ್ತು. ಸೊಂಟದೆತ್ತರ ಇತ್ತು.

ಅಂದು ಅವರು ನೋಡಿದ ಕ್ರಮವನ್ನೇ ಈ ಲೇಖನದಲ್ಲಿ ವಿವರವಾಗಿ ಬರೆಯಬೇಕೆಂದಿದ್ದೇನೆ. ಹೊಲ, ಕಟ್ಟಡ, ರಸ್ತೆ, ಸಂತೆಯಲ್ಲಿ ದುಡಿಯುವವರಿಗೆ ಮುಖ ಕಪ್ಪಾದರೆ, ಕೈ ತುರಿಸಿದರೆ, ಬಿಸಿಲಿನ ಮೇಲೆ ಹೊರಿಸಿ ಸುಮ್ಮನಾಗುವುದು ರೂಢಿ. ಬಿಸಿಲು ಎಲ್ಲರ ಮೇಲೂ ಬೀಳುತ್ತದೆ. ರೋಗ ಕೆಲವರಿಗಷ್ಟೇ ಬರುತ್ತದೆ. ಅಂಥ ಕಡೆ ಬಿಸಿಲಿನ ಜೊತೆಗೆ ಬಹಳ ಸಲ ಇನ್ನೊಂದು ಇರುತ್ತದೆ. ಅದು ಒಂದು ಗಿಡ ಇರಬಹುದು, ಒಂದು ಮಾತ್ರೆ, ಒಂದು ಮುಲಾಮು, ಊಟದಲ್ಲಿನ ಒಂದು ಕೊರತೆ, ಇಲ್ಲವೇ ಹುಟ್ಟಿನಿಂದ ಬಂದ ದೋಷ. ಅದನ್ನು ಹುಡುಕದೆ ಬಿಸಿಲನ್ನು ಬೈಯುತ್ತಾ ಕುಳಿತರೆ ವರ್ಷಗಳು ಹೋಗುತ್ತವೆ. ನಮ್ಮ ಮಾವನಿಗೆ ಎರಡು ವರ್ಷ ಹೋಯಿತು.

ಕನ್ನಡಿ ಮುಂದೆ ಐದು ನಿಮಿಷ

ಬಿಸಿಲು ಮೇಲಿನಿಂದ ಬೀಳುತ್ತದೆ. ಹಾಗಾಗಿ ಮುಖದಲ್ಲೇ ಅದಕ್ಕೆ ನೆರಳಿನ ಜಾಗಗಳಿವೆ: ಗದ್ದದ ಕೆಳಗೆ, ಕಿವಿಯ ಹಿಂದೆ, ಮೇಲಿನ ಕಣ್ಣುರೆಪ್ಪೆ, ಮೂಗಿನ ಬುಡದ ಪಕ್ಕದ ಗೆರೆ, ಕತ್ತಿನ ಮಡಿಕೆಗಳ ಒಳಗೆ, ಕೂದಲು ಮುಚ್ಚಿದ ಕಡೆ. ಹಣೆ, ಕೆನ್ನೆಯ ಮೇಲ್ಭಾಗ, ಮೂಗು, ಕಿವಿಯ ಅಂಚು, ಕತ್ತಿನ ಹಿಂಭಾಗ, ಅಂಗಿಯ ಗುಂಡಿ ಬಿಟ್ಟ ಎದೆಯ ತ್ರಿಕೋನ, ಮುಂಗೈ, ಪಾದದ ಮೇಲ್ಭಾಗ ಇವೆಲ್ಲ ಬಿಸಿಲಿಗೆ ಒಡ್ಡಿದ ಜಾಗಗಳು. ಗುಳ್ಳೆಯೋ ಕಪ್ಪೋ ಬಿಸಿಲು ಬೀಳುವಲ್ಲಿ ಮಾತ್ರ ಇದ್ದು, ಅಂಗಿಯ ತೋಳಿನ ಅಂಚಿಗೆ, ಬಳೆ ಅಥವಾ ಗಡಿಯಾರದ ಪಟ್ಟಿಯ ಅಂಚಿಗೆ ಗೆರೆ ಎಳೆದ ಹಾಗೆ ನಿಂತಿದ್ದರೆ ಬೆಳಕಿನ ಪಾತ್ರ ದೊಡ್ಡದು. ನೆರಳಿನ ಜಾಗಗಳೂ ಸೇರಿಯೇ ಕೆಟ್ಟಿದ್ದರೆ ಗಾಳಿಯಲ್ಲಿ ಹಾರಿ ಬಂದದ್ದು ಏನೋ ಇದೆ. ಧೂಳಿಗೆ ನೆರಳು ಬಿಸಿಲು ಎಂಬ ಭೇದವಿಲ್ಲ, ಗದ್ದದ ಕೆಳಗೂ ಕೂರುತ್ತದೆ.

ಎರಡನೆಯದು ಗಡಿಯಾರ. ಬಿಸಿಲಿಗೆ ಹೋದ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಉಳಿಯಿತು ಎಂದು ಬರೆದಿಡಿ. ಐದು ಹತ್ತು ನಿಮಿಷದಲ್ಲಿ ಪಿತ್ತಗಂದೆಯ ಹಾಗೆ ದಡಿಕೆ ಎದ್ದು, ನೆರಳಿಗೆ ಬಂದ ಮೇಲೆ ಕೆಲವೇ ಗಂಟೆಗಳಲ್ಲಿ ಗುರುತೇ ಇಲ್ಲದೆ ಇಳಿದರೆ ಅದು ಬಿಸಿಲು ಪಿತ್ತಗಂದೆ. ಕೆಲವು ಗಂಟೆಗಳ ನಂತರ ಅಥವಾ ಮರುದಿನ ಸಣ್ಣ ಸಣ್ಣ ಗುಳ್ಳೆ ಎದ್ದು ವಾರದ ತನಕ ಉಳಿದರೆ ಅದು ಬೇರೆ. ಒಂದೆರಡು ದಿನ ಬಿಟ್ಟು ಬೊಬ್ಬೆ ಎದ್ದು, ಮಾಸಿದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿದರೆ ಅದು ಮತ್ತೂ ಬೇರೆ; ಈ ಎರಡರ ಮಾತು ಮುಂದೆ ಬರುತ್ತದೆ. ವೈದ್ಯರ ಹತ್ತಿರ ಹೋದಾಗ ಎದ್ದ ಗುಳ್ಳೆ ಇಳಿದೇ ಹೋಗಿರುತ್ತದೆ. ಎದ್ದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಒಳ್ಳೆಯ ಅಭ್ಯಾಸ.

ಮೂರನೆಯದು ಪಟ್ಟಿ. ಏನು ಮುಟ್ಟಿದಿರಿ, ಏನು ಹಚ್ಚಿದಿರಿ, ಏನು ನುಂಗಿದಿರಿ.

ಆ ಬಿಳಿ ಹೂವಿನ ಗಿಡ

ಕರ್ನಾಟಕದಲ್ಲಿ ಅದನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಪುಸ್ತಕದ ಹೆಸರು ಪಾರ್ಥೇನಿಯಂ. ಮೂಲ ಅಮೆರಿಕ ಖಂಡದ್ದು. 1956ರಲ್ಲಿ ರೊಲ್ಲ ಶೇಷಗಿರಿರಾವ್ ಎಂಬ ಸಸ್ಯಶಾಸ್ತ್ರಜ್ಞರು ಪುಣೆಯಲ್ಲಿ ಕಂಡದ್ದನ್ನು ಭಾರತಕ್ಕೆ ಹೊಸ ಗಿಡವೆಂದು ದಾಖಲಿಸಿದರು. ಅಲ್ಲಿಂದ ಮುಂದೆ ರಸ್ತೆಯ ಬದಿ, ರೈಲಿನ ಹಳಿ, ಬೀಳುಭೂಮಿ ಹಿಡಿದು ಅದು ದೇಶವನ್ನೇ ಆವರಿಸಿತು. ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಬೆಂಗಳೂರಿನಲ್ಲಿ ಹಾವಳಿ ಎಷ್ಟಿತ್ತೆಂದರೆ 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಾನೂನಿನ ಅಡಿಯಲ್ಲಿ ಹಾನಿಕಾರಕ ಕಳೆ ಎಂದು ಘೋಷಿಸಿತು. 1983ರಲ್ಲಿ ಮೆಕ್ಸಿಕೊದಿಂದ ಎಲೆ ತಿನ್ನುವ ಒಂದು ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಗಿಡದ ಎಲೆಯೆಲ್ಲ ಜರಡಿಯಾಗಿರುವುದನ್ನು ಕಂಡರೆ ಅದು ಆ ದುಂಬಿಯ ಕೆಲಸ. ಅದನ್ನು ಕೊಲ್ಲಬೇಡಿ.

ಗಿಡದ ಮೈಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತು ಇದೆ. ಗಿಡ ಒಣಗಿದ ಮೇಲೂ ಅದು ಸಾಯುವುದಿಲ್ಲ. ಪುಡಿಯಾಗಿ ಗಾಳಿಯಲ್ಲಿ ಹಾರುತ್ತದೆ. ಇದೇ ಕಿಣತ್ತುಕಡವಿನ ಸುತ್ತಲಿನವರು ಗಮನಿಸಬೇಕಾದ ಮಾತು. ಪಶ್ಚಿಮಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಹತ್ತಿರ ಒಂದು ದೊಡ್ಡ ಬಾಗಿಲಿದೆ. ಆ ಬಾಗಿಲಿನ ಮೂಡಣ ಹೊಸ್ತಿಲಲ್ಲಿ ಈ ಊರುಗಳು ಕುಳಿತಿವೆ. ಜೂನಿನಿಂದ ಸೆಪ್ಟೆಂಬರ್ ತನಕ ಕೇರಳದ ಕಡೆಯಿಂದ ಬೀಸುವ ಗಾಳಿ ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಜೋರು. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರ ರೆಪ್ಪೆ, ಕತ್ತು, ಬೆವರಿದ ಮಡಿಕೆಗಳ ಮೇಲೆ ಆ ಪುಡಿ ಕೂರುತ್ತದೆ. ಮೊದಲ ದಿನವೇ ಏನೂ ಆಗುವುದಿಲ್ಲ. ತಿಂಗಳು, ವರ್ಷ ಮುಟ್ಟುತ್ತಾ ಹೋದಂತೆ ಕೆಲವರ ಮೈ ಅದನ್ನು ಶತ್ರುವೆಂದು ಗುರುತಿಸಿಕೊಳ್ಳುತ್ತದೆ. ಒಮ್ಮೆ ಗುರುತಿಸಿಕೊಂಡ ಮೇಲೆ ಚೂರು ಪುಡಿ ಸಾಕು.

ಇದರಲ್ಲಿ ಬಿಸಿಲಿನ ಪಾತ್ರ ಆಮೇಲೆ ಬರುತ್ತದೆ. ವರ್ಷಗಟ್ಟಲೆ ಅಲರ್ಜಿ ನಡೆದ ಚರ್ಮ ನಿಧಾನವಾಗಿ ಬೆಳಕಿಗೂ ಅತಿಯಾಗಿ ಪ್ರತಿಕ್ರಿಯಿಸಲು ಕಲಿಯುತ್ತದೆ. ಗಿಡ ಹತ್ತಿರವಿಲ್ಲದಿದ್ದರೂ ಬಿಸಿಲು ಕಂಡರೆ ಮುಖ ಉರಿಯುತ್ತದೆ, ದಪ್ಪಗಾಗುತ್ತದೆ. ನಡುವಯಸ್ಸು ದಾಟಿದ, ಬಯಲಲ್ಲಿ ದುಡಿಯುವ ಗಂಡಸರಲ್ಲಿ ಇದು ಹೆಚ್ಚು. ಆಗ ರೋಗಿ ಹೇಳುವ "ಬಿಸಿಲಿಗೆ ಆಗುತ್ತೆ" ಎಂಬ ಮಾತು ಸುಳ್ಳಲ್ಲ. ಕಥೆಯ ಎರಡನೇ ಭಾಗ ಮಾತ್ರ ಅದು. ಮೊದಲ ಭಾಗ ಬದುವಿನಲ್ಲಿ ಬೆಳೆದಿರುತ್ತದೆ. ಸೇವಂತಿಗೆ, ಸೂರ್ಯಕಾಂತಿಗಳೂ ಇದೇ ಸಸ್ಯಕುಟುಂಬದವು. ಆದ್ದರಿಂದ ಪಾರ್ಥೇನಿಯಂ ಆಗದವರಿಗೆ ಸೇವಂತಿಗೆ ಕಟ್ಟುವಾಗಲೂ ಕೈ ಕೆರಳಬಹುದು. ಹೂವಿನ ಅಂಗಡಿಯವರು ಇದನ್ನು ನೆನಪಿಡಬೇಕು.

ಖಚಿತಪಡಿಸಿಕೊಳ್ಳಲು ಪ್ಯಾಚ್ ಟೆಸ್ಟ್ ಇದೆ. ಶಂಕೆಯ ವಸ್ತುಗಳನ್ನು ಚಿಕ್ಕ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಬೆನ್ನು ನೆನೆಯಬಾರದು, ಬೆವರು ಸುರಿಯುವ ಕೆಲಸ ಮಾಡಬಾರದು. ಬಿಲ್ಲೆ ತೆಗೆದು ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಭಾರತದಲ್ಲಿ ಬಳಸುವ ಬಿಲ್ಲೆಗಳ ಸಾಲಿನಲ್ಲಿ ಪಾರ್ಥೇನಿಯಂ ಸೇರಿದೆ. ವಾರದಲ್ಲಿ ಮೂರು ಸಲ ಆಸ್ಪತ್ರೆಗೆ ಓಡಾಡಬೇಕಾದ್ದರಿಂದ ಕೊಯ್ಲಿನ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ.

ಕೀಳುವ ಕೆಲಸ ಹೇಗೆ? ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಬೇರು ಸಮೇತ. ಕೈಗೆ ಗವಸು, ಇಲ್ಲವಾದರೆ ದಪ್ಪ ಪ್ಲಾಸ್ಟಿಕ್ ಚೀಲ. ಮೂಗು ಬಾಯಿಗೆ ಬಟ್ಟೆ. ಗಾಳಿ ಏಳುವ ಮುನ್ನ, ಬೆಳಿಗ್ಗೆಯೇ. ಬೆಳೆಯಿಲ್ಲದ ಬೀಳುಜಾಗಕ್ಕೆ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅಡುಗೆ ಉಪ್ಪಿನ ನೀರು ಹೇಳುತ್ತದೆ: ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು, ಅಂಟಿಕೊಳ್ಳಲು 2 ಮಿಲಿ ಸೋಪಿನ ದ್ರವ. ಬೆಳೆ ಇರುವ ಹೊಲಕ್ಕೆ ಇದನ್ನು ಹೊಡೆಯಬೇಡಿ, ಮಣ್ಣು ಉಪ್ಪಾಗುತ್ತದೆ. ಒಣಗಿದ ಗಿಡವನ್ನು ಗುಡ್ಡೆ ಹಾಕಿ ಒದರುವುದು, ಗುಡಿಸುವುದು ಮಾಡಬೇಡಿ. ಇವೆಲ್ಲಕ್ಕಿಂತ ಮುಖ್ಯವಾದದ್ದು: ಈಗಾಗಲೇ ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಮನೆಯ ಬೇರೆಯವರು ಮಾಡಲಿ, ಮಾಡಿದವರು ಸ್ನಾನ ಮಾಡಿ ಬಟ್ಟೆ ಬದಲಿಸಿ ಒಳಗೆ ಬರಲಿ. ನಮ್ಮ ಮಾವ ತಮ್ಮ ಹೊಲ ತಾವೇ ಶುಚಿ ಮಾಡುತ್ತೇನೆಂದು ಹೋಗಿ ಮೂರು ದಿನ ಕಣ್ಣು ಬಿಡಲಾಗದೆ ಮಲಗಿದ್ದರು.

ನಿಂಬೆರಸ, ಬಾವಂಚಿ, ಉಣ್ಣಿಚೆಡಿ

ನಿಂಬೆಹಣ್ಣಿನ ಸಿಪ್ಪೆಯಲ್ಲಿ, ಅಂಜೂರದ ಹಾಲಿನಲ್ಲಿ ಇರುವ ಒಂದು ಬಗೆಯ ವಸ್ತುಗಳು ಬೆಳಕು ಬಿದ್ದರೆ ಚರ್ಮವನ್ನು ಸುಡುತ್ತವೆ. ಇದು ಅಲರ್ಜಿಯಲ್ಲ, ಯಾರಿಗಾದರೂ ಆಗಬಹುದು. ಜಾತ್ರೆಯ ಪಾನಕಕ್ಕೆ ನೂರಾರು ನಿಂಬೆ ಹಿಂಡಿ, ಕೈ ತೊಳೆಯದೆ ಬಿಸಿಲಿಗೆ ಹೋದವರ ಕೈಯಲ್ಲಿ ಎರಡನೇ ದಿನ ಬೊಬ್ಬೆ ಏಳುತ್ತದೆ. ರಸ ಹರಿದ ದಾರಿಯಲ್ಲೇ ಗೆರೆಗೆರೆಯಾಗಿ ಏಳುವುದು ಇದರ ಗುರುತು. ರಸ ಅಂಟಿದ ಕೈಯಲ್ಲಿ ಮಗುವನ್ನು ಎತ್ತಿಕೊಂಡರೆ ಮಗುವಿನ ಮೈಮೇಲೆ ಬೆರಳಿನ ಆಕಾರದ ಕಂದು ಗುರುತು ಮೂಡಿ, ಹೊಡೆದ ಗಾಯವೆಂದು ಜನ ತಪ್ಪು ತಿಳಿದ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲಿವೆ. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವ ಮನೆಮದ್ದು ಈ ಕಾರಣಕ್ಕೇ ಅಪಾಯ. ಸೋಪು ಹಾಕಿ ಕೈ ತೊಳೆದರೆ ಇಷ್ಟೂ ತಪ್ಪುತ್ತದೆ.

ಬಾವಂಚಿ ಬೀಜದಲ್ಲಿರುವುದೂ ಅದೇ ಬಗೆಯದು, ಸೊರಾಲಿನ್ ಎಂದು ಹೆಸರು. ತೊನ್ನಿಗೆ ಬಾವಂಚಿ ಕೊಟ್ಟು ಬಿಸಿಲು ಕಾಯಿಸುವುದು ನಮ್ಮ ದೇಶದ ಬಹಳ ಹಳೆಯ ಚಿಕಿತ್ಸೆ. ಇಂದಿನ ಆಸ್ಪತ್ರೆಗಳು ಸೊರಾಲಿನ್ ಕೊಟ್ಟು ಅಳತೆಯ ನೇರಳಾತೀತ ಬೆಳಕು ಹಾಯಿಸುವ ಪದ್ಧತಿಯ ಬೇರು ಇಂಥ ಹಳೆಯ ಚಿಕಿತ್ಸೆಗಳಲ್ಲಿದೆ. ಆದರೆ ಅಳತೆ ಎಂಬುದೇ ಅಲ್ಲಿ ಚಿಕಿತ್ಸೆ. ಕಂಡವರ ಮಾತು ಕೇಳಿ ಬಾವಂಚಿ ಎಣ್ಣೆ ಹಚ್ಚಿ ನಡುಮಧ್ಯಾಹ್ನ ಬಿಸಿಲಲ್ಲಿ ಕುಳಿತವರು ಸುಟ್ಟ ಗಾಯದೊಂದಿಗೆ ಆಸ್ಪತ್ರೆ ಸೇರಿದ್ದಾರೆ.

ದನ ಕಟ್ಟಿದವರಿಗೆ ಒಂದು ಮಾತು, ಯಾಕೆಂದರೆ ಈ ರೋಗ ಮನುಷ್ಯರದ್ದು ಮಾತ್ರವಲ್ಲ. ತಮಿಳಿನಲ್ಲಿ ಉಣ್ಣಿಚೆಡಿ ಎನ್ನುವ ಲಂಟಾನ ಬೆಟ್ಟದಂಚಿನ ಊರುಗಳ ತುಂಬಾ ಇದೆ. ಮೇವಿಲ್ಲದ ದಿನಗಳಲ್ಲಿ ದನ ಅದನ್ನು ತಿಂದರೆ ಪಿತ್ತಕೋಶದ ಹಾದಿ ಕೆಡುತ್ತದೆ. ಹಸಿರು ಮೇವು ಜೀರ್ಣವಾದಾಗ ಹುಟ್ಟುವ, ಪಿತ್ತದೊಂದಿಗೆ ಹೊರಹೋಗಬೇಕಾದ ಒಂದು ವರ್ಣದ್ರವ್ಯ ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ. ಬಿಸಿಲು ಬಿದ್ದಾಗ ಅದು ಚರ್ಮವನ್ನು ಒಳಗಿನಿಂದ ಸುಡುತ್ತದೆ. ಮೂತಿ, ಕಿವಿ, ಮೈಮೇಲಿನ ಬಿಳಿ ಮಚ್ಚೆಗಳ ಕಡೆ ಚರ್ಮ ಸುಲಿದು ಬರುತ್ತದೆ, ಕಣ್ಣು ಹಳದಿಯಾಗುತ್ತದೆ, ದನ ಮೇವು ಬಿಡುತ್ತದೆ. ಹೊತ್ತು ಕಳೆಯದೆ ಕೊಟ್ಟಿಗೆಯ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು. ಕರಿ ಮೈ ಇರುವ ಕಡೆ ಏನೂ ಆಗದೆ ಬಿಳಿ ಇರುವ ಕಡೆ ಮಾತ್ರ ಸುಲಿಯುವುದನ್ನು ಒಮ್ಮೆ ಕಂಡವರಿಗೆ ಬೆಳಕು ಚರ್ಮದೊಳಗೆ ಏನು ಮಾಡಬಲ್ಲದೆಂದು ಬೇರೆ ಹೇಳಬೇಕಿಲ್ಲ.

ಮಾತ್ರೆಯ ಚೀಲ

ವೈದ್ಯರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ಬಿಪಿಗೆ ಕೊಡುವ ಹೈಡ್ರೊಕ್ಲೋರೊಥಯಾಜೈಡ್, ಜ್ವರ ಮೊಡವೆಗಳಿಗೆ ಕೊಡುವ ಡಾಕ್ಸಿಸೈಕ್ಲಿನ್, ಹುಳುಕಡ್ಡಿಗೆ ಕೊಡುವ ಗ್ರಿಸಿಯೊಫುಲ್ವಿನ್, ಸಿಪ್ರೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು, ಪಿರಾಕ್ಸಿಕ್ಯಾಮ್ ಎಂಬ ನೋವಿನ ಮಾತ್ರೆ, ಮನೋರೋಗಕ್ಕೆ ಕೊಡುವ ಕ್ಲೋರ್‌ಪ್ರೊಮಜಿನ್, ಹೃದಯಬಡಿತಕ್ಕೆ ಕೊಡುವ ಅಮಿಯೊಡರೋನ್ ಇವೆಲ್ಲ ಕೆಲವರ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಸೊಂಟನೋವಿಗೆ ತಿಕ್ಕುವ ಕೀಟೊಪ್ರೊಫೆನ್ ಜೆಲ್ ಕೂಡ. ಹಾಗೆಂದು ಬಿಪಿ ಮಾತ್ರೆಯನ್ನೋ ಹೃದಯದ ಮಾತ್ರೆಯನ್ನೋ ತಾವೇ ನಿಲ್ಲಿಸಿದರೆ ಚರ್ಮ ಉಳಿಸಲು ಹೋಗಿ ಜೀವಕ್ಕೆ ತಂದುಕೊಂಡ ಹಾಗಾಗುತ್ತದೆ. ಬರೆದುಕೊಟ್ಟ ವೈದ್ಯರನ್ನು ಕೇಳಿ, ಬದಲಿ ಔಷಧ ಬಹುತೇಕ ಇದ್ದೇ ಇರುತ್ತದೆ.

ಇನ್ನು ಟ್ಯೂಬಿನ ಮಾತು. ಇದರ ಬಗ್ಗೆ ನನಗೆ ಸಂಕಟವಿದೆ. ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದು ಹೆಸರಿರುವ ಮುಲಾಮುಗಳು ಸ್ಟಿರಾಯ್ಡ್‌ಗಳು. ಸರಿಯಾದ ರೋಗಕ್ಕೆ, ಸರಿಯಾದ ಜಾಗಕ್ಕೆ, ಎಣಿಸಿದ ದಿನಗಳಿಗೆ ಅವು ಒಳ್ಳೆಯ ಔಷಧ. ಬಂಗಿಗೆ, ಬಿಳುಪಿಗೆ, ತುರಿಕೆಗೆ ಎಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಂಡು, ಮೊಡವೆ ಎದ್ದು, ಕೊನೆಗೆ ಬಿಸಿಲಿಗೆ ನಿಲ್ಲಲಾಗದಷ್ಟು ಉರಿ ಶುರುವಾಗುತ್ತದೆ. ಅಂದರೆ ಬಿಸಿಲಿನ ತೊಂದರೆಗೆಂದು ಹಚ್ಚಿದ ಮುಲಾಮೇ ಬಿಸಿಲಿನ ರೋಗವನ್ನು ತರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿಯಿಲ್ಲದೆ ಯಾರಾದರೂ ಕೊಟ್ಟರೂ ನೀವು ತೆಗೆದುಕೊಳ್ಳಬೇಡಿ. ಈಗಾಗಲೇ ವರ್ಷದಿಂದ ಹಚ್ಚುತ್ತಿರುವವರು ಒಮ್ಮೆಲೇ ಬಿಟ್ಟರೆ ಮುಖ ಊದಿ ಕೆರಳುತ್ತದೆ. ವೈದ್ಯರು ಹೇಳಿದಂತೆ ಇಳಿಸುತ್ತಾ ಬಿಡಬೇಕು.

ಗಿಡವೂ ಇಲ್ಲ, ಮಾತ್ರೆಯೂ ಇಲ್ಲದಿದ್ದರೆ

ಬಿಸಿಲಿನ ರೋಗಗಳಲ್ಲಿ ಅತಿ ಸಾಮಾನ್ಯವಾದದ್ದು ಬಹುರೂಪಿ ಬೆಳಕುಗಂದೆ. ಒಬ್ಬೊಬ್ಬರಲ್ಲಿ ಒಂದೊಂದು ರೂಪ ತೋರುವುದರಿಂದ ಆ ಹೆಸರು. ಹರೆಯದ, ನಡುಹರೆಯದ ಹೆಂಗಸರಲ್ಲಿ ಹೆಚ್ಚು. ನಮ್ಮ ಗೋಧಿ, ಕಪ್ಪು ಬಣ್ಣದ ಮೈಯಲ್ಲಿ ಅದು ಕೆಂಪಾಗಿ ಕಾಣುವುದಕ್ಕಿಂತ ಮುಂಗೈ, ತೋಳಿನ ಹೊರಭಾಗ, ಕತ್ತಿನ ಹಿಂದೆ ಸಾಸಿವೆ ಗಾತ್ರದ ಗುಳ್ಳೆಗಳಾಗಿ, ಮಾಸಲು ಬಿಳಿ ಮಚ್ಚೆಗಳಾಗಿ ಕಾಣುತ್ತದೆ. ಮಚ್ಚೆ ನೋಡಿ ತೊನ್ನೆಂದು ಹೆದರಿ ಅತ್ತವರನ್ನು ನಾನು ಬಲ್ಲೆ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಹಾಲಿನಂತೆ ಬಿಳಿಯಾಗುತ್ತದೆ, ನವೆ ಇರುವುದು ಕಡಿಮೆ; ಇಲ್ಲಿ ಬಣ್ಣ ಮಾಸಿರುತ್ತದೆ ಅಷ್ಟೆ, ನವೆ ಇರುತ್ತದೆ. ಬೇಸಿಗೆಯ ಮೊದಲ ಬಿಸಿಲಿಗೆ ಜೋರಾಗಿ ಎದ್ದು, ಚರ್ಮ ಪಳಗಿದಂತೆ ತಗ್ಗುತ್ತದೆ. ಅಂಟುವುದಿಲ್ಲ, ಕಲೆ ಉಳಿಯುವುದಿಲ್ಲ. ಉತ್ತರ ಯುರೋಪಿನಲ್ಲಿ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಇದಿದೆ ಎನ್ನುತ್ತಾರೆ. ಅಂಥ ನಾಡುಗಳಲ್ಲಿ ನೆಲೆಸಿ, ಉದ್ದದ ಚಳಿಗಾಲ ಕಳೆದು ಊರಿಗೆ ರಜೆಗೆ ಬರುವ ನಮ್ಮ ಮನೆಯ ಮಕ್ಕಳಲ್ಲೂ ಮೊದಲ ವಾರ ಕಾಣಿಸಬಹುದು.

ಕೆನ್ನೆಯಿಂದ ಕೆನ್ನೆಗೆ ಮೂಗಿನ ಮೇಲೆ ಹಾದು ಚಿಟ್ಟೆಯ ರೆಕ್ಕೆಯಂತೆ ಕೆಂಪಾಗಿ, ಜೊತೆಗೆ ಕೀಲುನೋವು, ಬಿಡದ ಜ್ವರ, ಬಾಯಿಹುಣ್ಣು, ಕೂದಲುದುರು, ಕಾಲು ಬಾವು ಇದ್ದರೆ ಅದು ಚರ್ಮದ ಮಾತಾಗಿ ಉಳಿದಿಲ್ಲ. ಲೂಪಸ್ ಎಂಬ ಆ ರೋಗ ಮೂತ್ರಪಿಂಡದ ತನಕ ಹೋಗಬಲ್ಲದು. ಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ರಕ್ತ, ಮೂತ್ರ ಪರೀಕ್ಷೆಗೆ ತಡಮಾಡಬಾರದು.

ಪೆಲಾಗ್ರ ಎಂಬ ಇನ್ನೊಂದಿದೆ, ಅದಕ್ಕೂ ಈ ಸೀಮೆಗೂ ನಂಟಿದೆ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಮೆಟ್ಟುಪಾಳ್ಯದ ಮೇಲಿನ ಕೂನೂರಿನಲ್ಲಿ ಒಂದು ಕೋಣೆಯಲ್ಲಿ ಶುರುಮಾಡಿದ ಪೋಷಣೆಯ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಅಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಒಂದು ಪ್ರಶ್ನೆಯನ್ನು ಹಿಡಿದರು: ಪೆಲಾಗ್ರ ಜೋಳ ಉಣ್ಣುವ ದಖ್ಖನಿನ ಬಡವರಿಗೆ ಏಕೆ ಬರುತ್ತದೆ? ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಂಶ ನಯಾಸಿನ್ ಜೀವಸತ್ವದ ಬಳಕೆಯನ್ನು ಕೆಡಿಸುತ್ತದೆ ಎಂದು 1960ರಲ್ಲಿ ಬರೆದರು. ನಯಾಸಿನ್ ಕಡಿಮೆಯಾದರೆ ಬಿಸಿಲು ಬೀಳುವ ಕೈ, ಪಾದಗಳು ಎರಡೂ ಕಡೆ ಒಂದೇ ಸಮ ಕಪ್ಪಾಗಿ ಸಿಪ್ಪೆ ಏಳುತ್ತವೆ, ಕೊರಳ ಸುತ್ತ ಪಟ್ಟಿ ಕಟ್ಟಿದ ಹಾಗಾಗುತ್ತದೆ. ಬೇಧಿ, ಮಂಕು, ಮರೆವು ಜೊತೆಗೂಡುತ್ತವೆ. ಈಗ ಊಟ ಸುಧಾರಿಸಿ ಇದು ಅಪರೂಪವಾಗಿದೆ. ಆದರೆ ಊಟ ಬಿಟ್ಟು ಕುಡಿಯುವವರಲ್ಲಿ, ಕ್ಷಯಕ್ಕೆ ಐಸೊನಿಯಜಿಡ್ ತೆಗೆದುಕೊಳ್ಳುತ್ತಿರುವ ಬಡಕಲು ಮೈಯವರಲ್ಲಿ ಇನ್ನೂ ಇದೆ. ಕುಡುಕನ ಮೈ ಕಪ್ಪಾಯಿತೆಂದು ಮನೆಯವರು ಕೈಬಿಡುವ ಮೊದಲು ಕೇಳಲಿ: ಕೆಲವು ವಾರಗಳ ಜೀವಸತ್ವದ ಮಾತ್ರೆ ಮತ್ತು ಊಟದಿಂದ ಗುಣವಾಗುವ ರೋಗವಿದು.

ಮಕ್ಕಳ ವಿಷಯದಲ್ಲಿ ಎರಡು ಗುರುತು ಸಾಕು. ಬಿಸಿಲಿಗೆ ಬಂದ ಕೆಲವೇ ನಿಮಿಷದಲ್ಲಿ ಮಗು ಕೈ ಉರಿ ಎಂದು ಚೀರುತ್ತದೆ, ತಣ್ಣೀರಿನಲ್ಲಿ ಕೈ ಅದ್ದಿ ಕೂರುತ್ತದೆ, ಆದರೆ ಚರ್ಮದ ಮೇಲೆ ಏನೂ ಕಾಣುವುದಿಲ್ಲ; ಅದು ಹಟವಲ್ಲ, ಪೋರ್ಫಿರಿಯ ಇರಬಹುದು. ದನದ ಕಥೆಯ ಹಾಗೆಯೇ ರಕ್ತದಲ್ಲಿ ಉಳಿದ ವರ್ಣದ್ರವ್ಯವೊಂದು ಬೆಳಕಿಗೆ ಸುಡುತ್ತಿರುತ್ತದೆ. ಇನ್ನೊಂದು, ಎರಡು ವರ್ಷ ತುಂಬುವ ಮೊದಲೇ ಮುಖದ ತುಂಬ ಎಳ್ಳು ಚೆಲ್ಲಿದಂಥ ಕಂದು ಚುಕ್ಕೆಗಳು, ಬೆಳಕಿಗೆ ಕಣ್ಣು ತೆರೆಯಲಾಗದಿರುವುದು, ಸ್ವಲ್ಪ ಬಿಸಿಲಿಗೇ ಬೆಂದುಹೋಗುವುದು. ಬೆಳಕು ಕೆಡಿಸಿದ ಡಿಎನ್‌ಎಯನ್ನು ರಿಪೇರಿ ಮಾಡುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಆ ರೋಗಕ್ಕೆ ಜೆರೊಡರ್ಮ ಪಿಗ್ಮೆಂಟೋಸಮ್ ಎಂದು ಹೆಸರು. ಕಾರಣ ಇದೇ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಎಳವೆಯಲ್ಲೇ ಚರ್ಮದ ಕ್ಯಾನ್ಸರ್ ತರುತ್ತದೆ. ಸೋದರಮಾವ, ಅತ್ತೆಮಗ, ಮಾವನ ಮಗಳ ಸಂಬಂಧಗಳು ನಮ್ಮಲ್ಲಿ ಪ್ರೀತಿಯಿಂದ ನಡೆದುಬಂದಿವೆ. ಆದರೆ ಎರಡೂ ಕಡೆಯಿಂದ ಒಂದೇ ದೋಷ ಕೂಡಿದರೆ ಬರುವ ಇಂಥ ರೋಗಗಳು ಅಲ್ಲಿ ಹೆಚ್ಚು. ಮನೆಯಲ್ಲಿ ಅಂಥ ಮಗು ಇದ್ದರೆ ಮುಂದಿನ ಮದುವೆ, ಮುಂದಿನ ಬಸಿರಿನ ಮೊದಲು ವಂಶವಾಹಿ ಸಲಹೆ ಪಡೆಯಬೇಕು.

ಇಲ್ಲಿಯ ಸೂರ್ಯ, ಇಲ್ಲಿಯ ಬಟ್ಟೆ

ಕಿಣತ್ತುಕಡವು ಭೂಮಧ್ಯರೇಖೆಯಿಂದ ಹನ್ನೊಂದು ಡಿಗ್ರಿಯೂ ದೂರವಿಲ್ಲ. ಏಪ್ರಿಲ್ ಮೂರನೇ ವಾರ, ಮತ್ತೆ ಆಗಸ್ಟ್ ಕೊನೆಯ ವಾರ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ವರ್ಷದ ಹೆಚ್ಚಿನ ದಿನ ಹನ್ನೆರಡೂ ಕಾಲು ದಾಟಿದ ಮೇಲೆ. ಮಾರ್ಗಳಿಯ ಚಳಿಯಲ್ಲೂ ಮಧ್ಯಾಹ್ನದ ಸೂರ್ಯ ಸುಮಾರು 56 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನ ನಡುಬೇಸಿಗೆಯಲ್ಲಿ ಅವನ ಎತ್ತರ 62. ಆದ್ದರಿಂದ ಇಲ್ಲಿ ವರ್ಷದ ಯಾವ ತಿಂಗಳೂ ನಡುಹಗಲಲ್ಲಿ ರಿಯಾಯಿತಿ ಇಲ್ಲ. ಸುಲಭದ ಅಳತೆ ನಿಮ್ಮ ನೆರಳೇ: ನೆರಳು ನಿಮಗಿಂತ ಗಿಡ್ಡ ಇದ್ದಷ್ಟು ಹೊತ್ತು ನೇರಳಾತೀತ ಕಿರಣ ತೀವ್ರ. ಆಡಿ ಗಾಳಿ ತಂಪಾಗಿ ಬೀಸುವಾಗ, ಮೋಡ ಕವಿದಾಗ ಕಿರಣವೂ ಕಡಿಮೆ ಎಂದು ಮೈಮರೆಯಬೇಡಿ. ಸೆಕೆ ಬೇರೆ, ಕಿರಣ ಬೇರೆ. ತೆಳು ಮೋಡವನ್ನು ಹಾದು ಬಹುಪಾಲು ಕಿರಣ ಕೆಳಗೆ ಬರುತ್ತದೆ. ಬಸ್ಸಿನ ಮುಚ್ಚಿದ ಗಾಜು ಕೂಡ ಒಂದು ಬಗೆಯನ್ನಷ್ಟೇ ತಡೆಯುತ್ತದೆ, ಇನ್ನೊಂದು ಬಗೆ ಒಳಗೆ ಬರುತ್ತದೆ. ಹಲವರ ರೋಗಕ್ಕೆ ಆ ಎರಡನೆಯದೇ ಕಾರಣ.

ಹೊಲದಲ್ಲಿ ದುಡಿಯುವವರಿಗೆ ಮೊದಲ ಔಷಧ ಬಟ್ಟೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ತುಂಬುತೋಳಿನ ಹತ್ತಿ ಅಂಗಿ. ತೆಳು ಬಿಳಿ ಬಟ್ಟೆ ತಂಪೇನೋ ಸರಿ, ಬೆವರಿ ನೆಂದರೆ ಬೆಳಕನ್ನು ಒಳಗೆ ಬಿಡುತ್ತದೆ. ತಲೆಗೆ ಸುತ್ತಿದ ತುಂಡು ಹಣೆಯನ್ನು ಕಾಯುತ್ತದೆ, ಕಿವಿ ಕತ್ತುಗಳನ್ನಲ್ಲ. ಅಗಲ ಅಂಚಿನ ಟೋಪಿ, ಅದರ ಕೆಳಗೆ ಕತ್ತಿಗೆ ಇಳಿಬಿಟ್ಟ ತುಂಡು ಎರಡೂ ಸೇರಿದರೆ ಚೆನ್ನ. ಟೊಮೆಟೊ ಬಿಡಿಸುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರಲ್ಲ, ಅದಕ್ಕಿಂತ ಒಳ್ಳೆಯ ರಕ್ಷಣೆ ಯಾವ ಅಂಗಡಿಯಲ್ಲೂ ಇಲ್ಲ.

ಬಟ್ಟೆ ಮುಚ್ಚದ ಕಡೆಗೆ ಸನ್‌ಸ್ಕ್ರೀನ್. ಡಬ್ಬಿಯ ಮೇಲೆ ಎಸ್‌ಪಿಎಫ್ 30 ಅಥವಾ ಮೇಲೆ ಇರಲಿ, ಜೊತೆಗೆ ಪಿಎ ಎಂದು ಬರೆದು ಮೂರು ಪ್ಲಸ್ ಗುರುತು ಇರಲಿ. ಮೊದಲನೆಯದು ಚರ್ಮ ಬೇಯಿಸುವ ಕಿರಣಕ್ಕೆ, ಎರಡನೆಯದು ಗಾಜು ದಾಟುವ ಕಿರಣಕ್ಕೆ. ಮುಖ ಕತ್ತುಗಳಿಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಬಿಸಿಲು ಪಿತ್ತಗಂದೆ, ಪೋರ್ಫಿರಿಯ ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೇ ಕೆಡಿಸುವುದರಿಂದ ಸಾಮಾನ್ಯ ಸನ್‌ಸ್ಕ್ರೀನ್ ಸಾಲದು. ಬಣ್ಣ ಬೆರೆತದ್ದನ್ನು ವೈದ್ಯರು ಹೇಳುತ್ತಾರೆ. ಪೊಳ್ಳಾಚಿ ಸೀಮೆಯಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ಒಡೆದ ಚರ್ಮಕ್ಕೆ ಅದು ಒಳ್ಳೆಯದೇ, ಬಿಸಿಲು ತಡೆಯಲು ಮಾತ್ರ ಅದನ್ನು ನಂಬಬೇಡಿ. ಬಿಸಿಲನ್ನು ಪೂರ್ತಿ ಬಿಟ್ಟವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚರ್ಮವಿಭಾಗವಿದೆ. ಹೋಗುವಾಗ ಮಾತ್ರೆಯ ಚೀಲ, ಹಚ್ಚಿದ ಟ್ಯೂಬುಗಳು, ಎದ್ದ ದಿನದ ಫೋಟೊ, ಯಾವ ತಿಂಗಳು ಹೆಚ್ಚು ಎಂಬ ಬರಹ ಕೈಯಲ್ಲಿರಲಿ. ಹಿಂದಿನ ದಿನದಿಂದ ಏನೂ ಹಚ್ಚದೆ ಹೋಗಿ. ತಮಿಳಿನಲ್ಲಿ ನವೆ, ಉರಿ, ನೋವು ಬೇರೆ ಬೇರೆ ಎಂದು ಬಿಡಿಸಿ ಹೇಳಲು ತೊಡರುವ ಹಿರಿಯರಿದ್ದರೆ ಜೊತೆಗೆ ಮನೆಯವರೊಬ್ಬರು ಹೋಗುವುದು ಒಳ್ಳೆಯದು. ಆ ಮೂರರ ವ್ಯತ್ಯಾಸದಲ್ಲೇ ಅರ್ಧ ರೋಗನಿರ್ಣಯ ಅಡಗಿದೆ.

ಮಾವನ ಬೆನ್ನಿನ ಮೇಲೆ ಪಾರ್ಥೇನಿಯಂ ಬಿಲ್ಲೆ ಇದ್ದ ಜಾಗ ನಾಲ್ಕನೇ ದಿನ ಕೆಂಪಾಗಿ ಉಬ್ಬಿತ್ತು. ಬದು ಶುಚಿ ಮಾಡುವ ಕೆಲಸ ಈಗ ಅವರ ಮಗನದ್ದು. ವೈದ್ಯರು ಅಜಥಯೋಪ್ರಿನ್ ಎಂಬ ಮಾತ್ರೆ ಕೊಟ್ಟಿದ್ದಾರೆ. ಅದಕ್ಕೆ ಆಗಾಗ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಹೊಲಕ್ಕೆ ಬೆಳಿಗ್ಗೆ ಒಂಬತ್ತರೊಳಗೆ, ಮತ್ತೆ ಸಂಜೆ ನಾಲ್ಕರ ಮೇಲೆ. ಗಾಳಿಯ ತಿಂಗಳಲ್ಲಿ ಟೊಮೆಟೊ ಲೆಕ್ಕ ನೋಡಿಕೊಂಡು ಮನೆಯಲ್ಲೇ ಇರುತ್ತಾರೆ. ಕಳೆದ ಸಲ ಹೋದಾಗ ಗದ್ದ ಎತ್ತಿ ತೋರಿಸಿದರು. ಅಲ್ಲಿ ಚರ್ಮ ಮೆತ್ತಗಾಗಿತ್ತು. ಹಣೆಯ ಕಪ್ಪು ಇನ್ನೂ ಇದೆ, ಅದಕ್ಕೆ ಇನ್ನಷ್ಟು ತಿಂಗಳು ಬೇಕು ಎಂದಿದ್ದಾರೆ ವೈದ್ಯರು.